ಪ್ರೋಗ್ರಾಮಿಂಗ್ ತರಗತಿಯೋ, ಬಾಯಿಪಾಠದ ಮನೆಯೋ?

ಪದವಿ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯ. ಮೊದಲ ಸೆಮಿಸ್ಟರಿನ ಪ್ರಾಯೋಗಿಕ ಪರೀಕ್ಷೆ ನಡೆಯುತ್ತಿತ್ತು. ಮೇಜಿನ ಮೇಲೆ ಮಡಚಿಟ್ಟ ಚೀಟಿಗಳು. ವಿದ್ಯಾರ್ಥಿನಿಯೊಬ್ಬಳು ಚೀಟಿಯೊಂದನ್ನು ಎತ್ತಿ ಬಿಡಿಸಿ ನೋಡಿದಳು. ಮುಖದಲ್ಲಿ ನೆಮ್ಮದಿ ಮೂಡಿತು. ಸಂಖ್ಯೆಯೊಂದರ ಫ್ಯಾಕ್ಟೋರಿಯಲ್ ಕಂಡುಹಿಡಿಯುವ ಪ್ರೋಗ್ರಾಂ. ಅವಳು ಕಂಠಪಾಠ ಮಾಡಿದ್ದ ಇಪ್ಪತ್ತರಲ್ಲಿ ಅದೂ ಒಂದು. ಒಂದಕ್ಷರ ತಪ್ಪದಂತೆ ಅದನ್ನು ಉತ್ತರ ಪತ್ರಿಕೆಯಲ್ಲಿ ಬರೆದಳು, ಬಳಿಕ ಕಂಪ್ಯೂಟರಿಗೆ ಇಳಿಸಿದಳು. ಪರೀಕ್ಷಕರು 5 ಕೊಡು ಎಂದರು. ಪರದೆಯ ಮೇಲೆ 120 ಬಂತು. ಅಂಕ ಬಿತ್ತು.

ನಾವು ಅಲ್ಲಿಯೇ ಇದ್ದೆವು. ಪರೀಕ್ಷೆ ಮುಗಿದ ಬಳಿಕ, ಎಂಟನ್ನು ಕೊಟ್ಟು ನೋಡಮ್ಮ ಎಂದು ಅವಳಲ್ಲಿ ವಿನಂತಿಸಿದೆವು. ಪರದೆಯಲ್ಲಿ ಮೂಡಿದ ಉತ್ತರ: ಋಣ 25,216. ಅವಳು ಬೆಚ್ಚಿದಳು. ತಾನೇನೋ ಯಂತ್ರವನ್ನು ಕೆಡಿಸಿಬಿಟ್ಟೆನೆಂಬ ಭಯ. ಉಪನ್ಯಾಸಕರು ನಗುತ್ತಾ ಬಂದು, 'ಏಳರವರೆಗೆ ಮಾತ್ರ ಕೊಡಬೇಕು, ಎಂಟು ಕೊಡಬಾರದು' ಎಂದು ಅವಳಿಗೆ ಬುದ್ಧಿ ಹೇಳಿ ಹೋದರು.

ಏಕೆ ಕೊಡಬಾರದು? ಆ ಪ್ರಶ್ನೆಯನ್ನು ಅವಳು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಕಾಲೇಜಿನ ಹೆಸರನ್ನು ನಾವಿಲ್ಲಿ ಹೇಳುವುದಿಲ್ಲ. ಹೇಳಿದರೆ ಇದು ಒಂದು ಕಾಲೇಜಿನ ಕಥೆಯಾಗಿಬಿಡುತ್ತದೆ. ಆದರೆ ಇದು ಒಂದು ಕಾಲೇಜಿನ ಕಥೆಯಲ್ಲ.

ಎಂಟರ ಫ್ಯಾಕ್ಟೋರಿಯಲ್ 40,320. ಆ ಪ್ರಯೋಗಾಲಯದಲ್ಲಿದ್ದ ತಂತ್ರಾಂಶವು ಒಂದು ಪೂರ್ಣಾಂಕಕ್ಕೆ ಕೊಡುವ ಜಾಗ ಕೇವಲ 16 ಬಿಟ್. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಅದಕ್ಕಿಂತ ಒಂದು ಹೆಚ್ಚಾದರೂ ಲೆಕ್ಕವು ಗಡಿಯಾರದ ಮುಳ್ಳಿನಂತೆ ಸುತ್ತು ಹೊಡೆದು ಋಣ ಸಂಖ್ಯೆಗಳ ಕಡೆಗೆ ಜಾರಿಬಿಡುತ್ತದೆ. 40,320ರಿಂದ 65,536ನ್ನು ಕಳೆಯಿರಿ. ಋಣ 25,216 ಸಿಗುತ್ತದೆ. ಇಷ್ಟೇ ವಿಷಯ. ಇದನ್ನು ಹೇಳಲು ಹತ್ತು ನಿಮಿಷ ಬೇಕು. ಆದರೆ ಈ ಹತ್ತು ನಿಮಿಷದಲ್ಲಿ ಆ ಹುಡುಗಿಗೆ ಕಂಪ್ಯೂಟರ್ ಎಂದರೇನು, ಅದು ಸಂಖ್ಯೆಯನ್ನು ಹೇಗೆ ಇಟ್ಟುಕೊಳ್ಳುತ್ತದೆ, ಅದು ಎಲ್ಲಿ ಸುಳ್ಳು ಹೇಳುತ್ತದೆ ಎಂಬುದೆಲ್ಲ ಅರಿವಾಗುತ್ತಿತ್ತು. ಸೆಮಿಸ್ಟರಿನಾದ್ಯಂತ ಅವಳು ಬರೆದ ನೂರು ಪುಟಗಳ ರೆಕಾರ್ಡ್ ಪುಸ್ತಕಕ್ಕಿಂತ ಆ ಹತ್ತು ನಿಮಿಷ ದೊಡ್ಡದಿತ್ತು. ಅದನ್ನೇ ಅವಳಿಂದ ಕಸಿದುಕೊಳ್ಳಲಾಯಿತು.

ಇದನ್ನು ಕ್ಷುಲ್ಲಕ ವಿಷಯವೆಂದು ಭಾವಿಸುವವರು 1996ರ ಜೂನ್ 4ನ್ನು ನೆನಪಿಸಿಕೊಳ್ಳಬೇಕು. ಯುರೋಪಿನ ಏರಿಯಾನ್ 5 ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿ, ಸುಮಾರು 40 ಸೆಕೆಂಡುಗಳಲ್ಲಿ ಆಕಾಶದಲ್ಲೇ ಛಿದ್ರವಾಯಿತು. ಕಾರಣ ಇಂಧನವಲ್ಲ, ಎಂಜಿನ್ ಅಲ್ಲ. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕದೊಳಗೆ ತುರುಕಲು ಅದರ ತಂತ್ರಾಂಶ ಯತ್ನಿಸಿತ್ತು, ಸಂಖ್ಯೆ ಹಿಡಿಯಲಿಲ್ಲ. ಹಳೆಯ ಏರಿಯಾನ್ 4ಕ್ಕಾಗಿ ಬರೆದಿದ್ದ ಸಾಲುಗಳನ್ನು ಹೊಸ ರಾಕೆಟ್ಟಿನಲ್ಲಿ ಹಾಗೆಯೇ ಇಟ್ಟಿದ್ದರು. 'ಏಳರವರೆಗೆ ಮಾತ್ರ ಕೊಡಬೇಕು' ಎಂಬ ಬುದ್ಧಿವಾದವೇ ಅಲ್ಲಿಯೂ ನಡೆದಿತ್ತೆನ್ನಬಹುದು. ಹಳೆಯ ರಾಕೆಟ್ಟು ಎಂಟನ್ನು ಕೊಟ್ಟಿರಲಿಲ್ಲ, ಹೊಸದು ಕೊಟ್ಟಿತು.

ಅಂದ ಹಾಗೆ, ಆ ಪ್ರಯೋಗಾಲಯದ ತಂತ್ರಾಂಶದ ಕುರಿತು ಎರಡು ಮಾತು. ಅದರ ಹೆಸರು ಟರ್ಬೋ ಸಿ++. ಬೋರ್ಲ್ಯಾಂಡ್ ಕಂಪೆನಿಯು 1987ರಲ್ಲಿ ಟರ್ಬೋ ಸಿ ಎಂಬುದನ್ನೂ 1990ರ ದಶಕದ ಆರಂಭದಲ್ಲಿ ಅದರ ಮುಂದಿನ ರೂಪಗಳನ್ನೂ ಡಾಸ್ ಎಂಬ ಕಾರ್ಯವ್ಯವಸ್ಥೆಗಾಗಿ ತಯಾರಿಸಿತು. ಆ ಕಾಲಕ್ಕೆ ಅದು ನಿಜಕ್ಕೂ ಉತ್ತಮವಾಗಿತ್ತು. ಅಗ್ಗವಾಗಿತ್ತು, ವೇಗವಾಗಿತ್ತು. ಆ ಬಳಿಕ ಕಾಲ ಸರಿಯಿತು. ಸ್ವತಃ ಕಂಪೆನಿಯೇ ತನ್ನ ಹಳೆಯ ಆವೃತ್ತಿಗಳನ್ನು ವಸ್ತುಸಂಗ್ರಹಾಲಯದ ಹೆಸರಿನಲ್ಲಿ ಉಚಿತವಾಗಿ ಹಂಚಿತು. ಆದರೆ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಆ ನೀಲಿ ಪರದೆ ಇಂದಿಗೂ ಬೆಳಗುತ್ತಿದೆ. 64 ಬಿಟ್‌ನ ವಿಂಡೋಸ್ ಅದನ್ನು ನೇರವಾಗಿ ನಡೆಸಲು ನಿರಾಕರಿಸುತ್ತದೆ. ಆದ್ದರಿಂದ ಕಾಲೇಜಿನವರು ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶವನ್ನು ಸ್ಥಾಪಿಸಿ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಳೆಯ ಕಂಪ್ಯೂಟರನ್ನು ನಾಟಕವಾಡಿಸಿ, ಆ ನಾಟಕದ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಡಾಸ್‌ಬಾಕ್ಸನ್ನು ಸೃಷ್ಟಿಸಿದ್ದು ಮುಖ್ಯವಾಗಿ ಹಳೆಯ ಆಟಗಳನ್ನು ಆಡುವ ಹವ್ಯಾಸಿಗಳಿಗಾಗಿ ಎಂಬುದನ್ನು ಇಲ್ಲಿ ಹೇಳದಿದ್ದರೆ ಈ ವಿಪರ್ಯಾಸ ಪೂರ್ಣವಾಗದು.

ಹಣವಿಲ್ಲದ್ದಕ್ಕೆ ಹೀಗಾಯಿತೇ? ಇಲ್ಲ. ರಿಚರ್ಡ್ ಸ್ಟಾಲ್‌ಮನ್ ಅವರು ಬಿಡುಗಡೆಗೊಳಿಸಿದ ಜಿಸಿಸಿ ಎಂಬ ಕಂಪೈಲರ್ 1987ರಿಂದಲೇ ಉಚಿತವಾಗಿ ಲಭ್ಯವಿದೆ. ಲಿನಕ್ಸ್ ಉಚಿತ. ಒಂದು ರೂಪಾಯಿಯ ಖರ್ಚಿಲ್ಲದೆ ಪ್ರಯೋಗಾಲಯವನ್ನು ಬದಲಿಸಬಹುದು. ಆದರೆ ಹಾಗೆ ಬದಲಿಸಿದರೆ ಅಚ್ಚಾಗಿರುವ ಲ್ಯಾಬ್ ಮ್ಯಾನ್ಯುಯಲ್ ಬದಲಿಸಬೇಕು, ಗೈಡ್ ಪುಸ್ತಕ ಬದಲಿಸಬೇಕು, ವರ್ಷಾನುವರ್ಷ ಹೇಳಿಕೊಂಡು ಬಂದ ಟಿಪ್ಪಣಿಗಳನ್ನು ಬದಲಿಸಬೇಕು. ಕೊರತೆ ಇರುವುದು ಕಾಸಿನದ್ದಲ್ಲ.

ಇನ್ನು ಪ್ರಶ್ನೆ ಪತ್ರಿಕೆಯ ಕಡೆಗೆ ಬರೋಣ. ಸಿ ಭಾಷೆಯನ್ನು ಡೆನ್ನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದರು. 1978ರಲ್ಲಿ ಅವರು ಮತ್ತು ಬ್ರಯಾನ್ ಕರ್ನಿಘನ್ ಬರೆದ ಪುಸ್ತಕವು ಜಗತ್ತಿಗೆ ಆ ಭಾಷೆಯನ್ನು ಕಲಿಸಿತು. 1989ರಲ್ಲಿ ಅದಕ್ಕೊಂದು ಅಧಿಕೃತ ಮಾನಕ ಬಂತು. ಒಂದೇ ಅಭಿವ್ಯಕ್ತಿಯಲ್ಲಿ, ನಡುವೆ ಯಾವ ತಡೆಯೂ ಇಲ್ಲದೆ ಒಂದೇ ಚರಾಂಕವನ್ನು ಎರಡು ಬಾರಿ ಬದಲಿಸಿದರೆ ಏನಾಗಬೇಕೆಂಬುದನ್ನು ತಾನು ನಿರ್ಧರಿಸುವುದಿಲ್ಲ ಎಂದು ಆ ಮಾನಕವು ಸಾರಿತು. ಅಂದರೆ ಅಂಥ ಸಾಲಿಗೆ ಸರಿಯುತ್ತರ ಎಂಬುದಿಲ್ಲ. ಒಂದು ಕಂಪೈಲರ್ ಒಂದು ಉತ್ತರ ಕೊಟ್ಟೀತು, ಇನ್ನೊಂದು ಬೇರೊಂದು ಕೊಟ್ಟೀತು, ಎರಡೂ ತಪ್ಪಲ್ಲ. ಆದರೆ 'ಐ ಪ್ಲಸ್ ಪ್ಲಸ್' ಮತ್ತು 'ಪ್ಲಸ್ ಪ್ಲಸ್ ಐ'ಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿ, ಇದರ ಔಟ್‌ಪುಟ್ ಏನು ಎಂದು ಕೇಳುವುದು ನಮ್ಮ ಪರೀಕ್ಷೆಗಳ ಅಚ್ಚುಮೆಚ್ಚಿನ ಪ್ರಶ್ನೆ. ಉತ್ತರವೇ ಇಲ್ಲದ ಪ್ರಶ್ನೆಗೆ ನಾವು ಎರಡಂಕ ಕೊಡುತ್ತೇವೆ! ಇದಕ್ಕೆ ಉತ್ತರವಿಲ್ಲ ಎಂದು ಬರೆಯುವ ಪ್ರತಿಭಾವಂತನಿಗೆ ಸೊನ್ನೆ ಸಿಗುತ್ತದೆ. ಗೈಡಿನಲ್ಲಿದ್ದ ಸಂಖ್ಯೆಯನ್ನು ಬರೆದವನು ಪೂರ್ಣಾಂಕ ಪಡೆಯುತ್ತಾನೆ. ಮೂವತ್ತೈದು ವರ್ಷ ಕಳೆದರೂ ಮಾನಕದ ಸುದ್ದಿ ನಮ್ಮ ಪ್ರಶ್ನೆ ಪತ್ರಿಕೆ ತಯಾರಕರಿಗೆ ತಲುಪಿಲ್ಲವೆಂದಾದರೆ ಅಂಚೆಯ ದೋಷ ಎಲ್ಲಿದೆ?

'ಗೆಟ್ಸ್' ಎಂಬ ಆಜ್ಞೆಯದ್ದು ಇನ್ನೂ ಗಂಭೀರ ಕಥೆ. ಬಳಕೆದಾರ ಬೆರಳಚ್ಚಿಸಿದ್ದನ್ನು ಅದು ಓದಿಕೊಳ್ಳುತ್ತದೆ. ಆದರೆ ಎಷ್ಟು ಅಕ್ಷರ ಹಿಡಿಸುತ್ತದೆಂದು ನೋಡುವುದಿಲ್ಲ. ಹತ್ತು ಲೋಟದ ಪಾತ್ರೆಗೆ ನೂರು ಲೋಟ ನೀರು ಸುರಿದಂತೆ. ಉಕ್ಕಿದ ನೀರು ಪಕ್ಕದ ಸ್ಮೃತಿಯನ್ನು ಹಾಳುಗೆಡಹುತ್ತದೆ. 1988ರ ನವೆಂಬರಿನಲ್ಲಿ ಮೋರಿಸ್ ಹುಳು ಎಂದು ಪ್ರಸಿದ್ಧವಾದ ಪ್ರೋಗ್ರಾಂ ಅಂದಿನ ಅಂತರ್ಜಾಲವನ್ನು ಹೊಕ್ಕು ತಲ್ಲಣಗೊಳಿಸಿದ ದಾರಿಗಳಲ್ಲಿ ಈ ರಂಧ್ರವೂ ಒಂದಾಗಿತ್ತು. ಕೊನೆಗೆ 2011ರ ಮಾನಕದಲ್ಲಿ ಗೆಟ್ಸ್ ಅನ್ನು ಭಾಷೆಯಿಂದಲೇ ಹೊರಹಾಕಲಾಯಿತು. ಆದರೆ ಲ್ಯಾಬ್ ಮ್ಯಾನ್ಯುಯಲ್‌ಗಳಿಂದ ಅದನ್ನು ಹೊರಹಾಕುವವರಾರು? ಬೀಗ ಹಾಕದೆ ಬಾಗಿಲು ಮುಚ್ಚುವುದನ್ನು ಕಲಿಸಿ, ಆ ಹುಡುಗರನ್ನೇ ನಾಳೆ ಬ್ಯಾಂಕಿನ ತಂತ್ರಾಂಶ ಬರೆಯಲು ಕಳುಹಿಸುತ್ತೇವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾವು ಸಿ ಭಾಷೆಯ ವಿರೋಧಿಗಳಲ್ಲ. ಲಿನಕ್ಸಿನ ತಿರುಳು ಇಂದಿಗೂ ಬಹುತೇಕ ಸಿ ಭಾಷೆಯಲ್ಲಿದೆ. ಯಂತ್ರದ ಒಡಲನ್ನು ತಿಳಿಯಬಯಸುವವರಿಗೆ ಅದಕ್ಕಿಂತ ಒಳ್ಳೆಯ ದಾರಿ ಕಡಿಮೆ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಎಂಬ ಭೇದವಿಲ್ಲದೆ ಮೊದಲ ವರ್ಷದ ಮಕ್ಕಳು ದೀರ್ಘಕಾಲ ಕಡ್ಡಾಯವಾಗಿ ಅದನ್ನು ಓದಿದರು. ಬಿಸಿಎ ಮಕ್ಕಳೂ ಓದಿದರು. ಈಗ ಹಲವು ಪಠ್ಯಕ್ರಮಗಳಲ್ಲಿ ಪೈಥಾನ್ ಬಂದಿದೆ. ಒಳ್ಳೆಯದೇ. 1991ರಲ್ಲಿ ಗೀಡೊ ವ್ಯಾನ್ ರೋಸಮ್ ಲೋಕಕ್ಕೆ ಕೊಟ್ಟ ಆ ಭಾಷೆ ಆರಂಭಿಕರಿಗೆ ಸುಲಭ. ಆದರೆ ಚೀಟಿ ಎತ್ತುವ ಪರೀಕ್ಷೆ ಹಾಗೆಯೇ ಉಳಿದರೆ, ನಿನ್ನೆ ಸಿಯನ್ನು ಬಾಯಿಪಾಠ ಮಾಡಿದವರು ಇಂದು ಪೈಥಾನನ್ನು ಬಾಯಿಪಾಠ ಮಾಡುತ್ತಾರೆ, ಅಷ್ಟೇ. ಹಾಸಿಗೆ ಬದಲಿಸಿದರೆ ಜ್ವರ ಬಿಡುವುದಿಲ್ಲ.

ಹಾಗಾದರೆ ಕಾಯಿಲೆ ಯಾವುದು? ತಪ್ಪು ಮಾಡುವುದಕ್ಕೆ ಅವಕಾಶವಿಲ್ಲದಿರುವುದೇ ಕಾಯಿಲೆ. ಪ್ರೋಗ್ರಾಮಿಂಗ್ ಎಂಬುದು ಈಜಿನಂತೆ. ನೀರು ಕುಡಿಯದೆ ಅದನ್ನು ಕಲಿತವರಿಲ್ಲ. ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದರೆ ಹನ್ನೊಂದನೇ ಸಾಲಿನ ತಪ್ಪಿಗೆ ಕಂಪೈಲರ್ ಹನ್ನೆರಡನೇ ಸಾಲನ್ನು ತೋರಿಸುತ್ತದೆ. ಸಮಾನವೇ ಎಂದು ಕೇಳಲು ಎರಡು ಸಮಚಿಹ್ನೆ ಹಾಕಬೇಕಾದಲ್ಲಿ ಒಂದನ್ನೇ ಹಾಕಿದರೆ ಕಂಪೈಲರ್ ಅದನ್ನು ತಪ್ಪೆಂದು ತಡೆಯುವುದೂ ಇಲ್ಲ, ಮೌಲ್ಯವನ್ನೇ ಬದಲಿಸಿ ಮುಂದುವರಿಯುತ್ತದೆ. ಇವನ್ನು ಹುಡುಕುತ್ತಾ, ತಡಕುತ್ತಾ, ಅರ್ಧ ದಿನ ಕಳೆದು ಕೊನೆಗೆ ಸಿಕ್ಕಾಗ ಹಣೆ ಚಚ್ಚಿಕೊಳ್ಳುವುದೇ ನಿಜವಾದ ತರಗತಿ. ಆದರೆ ನಮ್ಮಲ್ಲಿ ಏನಾಗುತ್ತದೆ? ವಾರಕ್ಕೊಂದು ಲ್ಯಾಬ್. ಒಂದು ಕಂಪ್ಯೂಟರಿಗೆ ಇಬ್ಬರೋ ಮೂವರೋ. ಕೀಲಿಮಣೆಯ ಮುಂದೆ ಕೂರುವವನು ಒಬ್ಬ, ಪಕ್ಕದಲ್ಲಿ ನೋಡುವವರು ಉಳಿದವರು. ಹುಡುಗ ಹುಡುಗಿಯರು ಒಟ್ಟಿಗಿದ್ದಲ್ಲಿ ನೋಡುವವರ ಸ್ಥಾನದಲ್ಲಿ ಹೆಚ್ಚಾಗಿ ಹುಡುಗಿಯರೇ ಇರುವುದನ್ನು ನಾವು ಕಂಡಿದ್ದೇವೆ. ಮೊದಲೇ ಬರೆದಿಟ್ಟ ಪ್ರೋಗ್ರಾಂ, ಮೊದಲೇ ಗೊತ್ತಿರುವ ಉತ್ತರ. ತಪ್ಪು ಬಂದರೆ ಉಪನ್ಯಾಸಕರು ಬಂದು ಎರಡು ಕೀಲಿ ಒತ್ತಿ ಸರಿಪಡಿಸಿ ಹೋಗುತ್ತಾರೆ. ಆ ಬಳಿಕ ಎಲ್ಲರೂ ಸೇರಿ ಅದನ್ನು ರೆಕಾರ್ಡ್ ಪುಸ್ತಕಕ್ಕೆ ಪೆನ್ನಿನಿಂದ ನಕಲು ಮಾಡುತ್ತಾರೆ. ಬಲಪುಟದಲ್ಲಿ ಪ್ರೋಗ್ರಾಂ, ಎಡಪುಟದಲ್ಲಿ ಔಟ್‌ಪುಟ್, ಮೇಲೆ ಕೆಂಪು ಶಾಯಿಯ ಶೀರ್ಷಿಕೆ. ಕಂಪ್ಯೂಟರ್ ವಿಜ್ಞಾನವನ್ನು ಕೈಬರಹದ ಸ್ಪರ್ಧೆಯಾಗಿಸಿದ ಕೀರ್ತಿ ನಮಗೆ ಸಲ್ಲಬೇಕು.

ಇದರಿಂದ ನಷ್ಟವಾಗುವುದು ಯಾರಿಗೆ? ಉಳ್ಳವರ ಮಕ್ಕಳಿಗಲ್ಲ. ಅವರ ಮನೆಯಲ್ಲಿ ಕಂಪ್ಯೂಟರ್ ಇದೆ, ಹೇಳಿಕೊಡುವ ಅಣ್ಣನೋ ಚಿಕ್ಕಪ್ಪನೋ ಬೆಂಗಳೂರಿನಲ್ಲಿದ್ದಾರೆ, ರಜೆಯಲ್ಲಿ ಕಲಿಸುವ ಖಾಸಗಿ ಸಂಸ್ಥೆಗಳಿವೆ. ಕಾಲೇಜಿನ ತರಗತಿ ಕೆಟ್ಟದಾಗಿದ್ದರೂ ಅವರು ಕಲಿಯುತ್ತಾರೆ. ಬೀಡಿ ಸುತ್ತುವ ತಾಯಿಯ ಮಗಳಿಗೆ, ಮೀನು ಹೊರುವವನ ಮಗನಿಗೆ, ಕನ್ನಡ ಮಾಧ್ಯಮದ ಸರಕಾರಿ ಶಾಲೆಯಿಂದ ಬಂದ ಮಗುವಿಗೆ ಕಾಲೇಜಿನ ಆ ಒಂದು ತರಗತಿಯೇ ಮೊದಲ ಮತ್ತು ಕೊನೆಯ ಬಾಗಿಲು. ಆ ಬಾಗಿಲನ್ನು ಗೋಡೆಯ ಮೇಲಿನ ಚಿತ್ರವಾಗಿ ಬರೆದಿಟ್ಟರೆ ಅವಳು ಎಲ್ಲಿಂದ ಹೊರಗೆ ಹೋಗಬೇಕು? ಅವಳ ಅಂಕಪಟ್ಟಿಯಲ್ಲಿ ತೊಂಬತ್ತು ಇರುತ್ತದೆ. ಊರಿನ ಸಂಘದವರು ಕರೆದು ಶಾಲು ಹೊದೆಸಿ ಪ್ರತಿಭಾ ಪುರಸ್ಕಾರವನ್ನೂ ಕೊಟ್ಟಿರುತ್ತಾರೆ. ಉದ್ಯೋಗ ಸಂದರ್ಶನದಲ್ಲಿ ಪಟ್ಟಿಯಲ್ಲಿಲ್ಲದ ಹತ್ತು ಸಾಲಿನ ಪ್ರೋಗ್ರಾಂ ಕೇಳಿದಾಗ ಅವಳು ಮೌನವಾಗುತ್ತಾಳೆ. ಆಗ ಕೇಳಿಬರುವ ಮಾತು, ಹಳ್ಳಿಯ ಮಕ್ಕಳಿಗೆ ತರ್ಕಶಕ್ತಿ ಕಡಿಮೆ ಎಂದು. ನಮ್ಮ ಸಮುದಾಯದ ಹೆಣ್ಣುಮಕ್ಕಳಿಗಾದರೆ ಇನ್ನೂ ಒಂದೆರಡು ಕಾರಣಗಳನ್ನು ಸೇರಿಸಿ ಹೇಳಲಾಗುತ್ತದೆ. ತರ್ಕಶಕ್ತಿ ಕಡಿಮೆ ಇದ್ದದ್ದು ಯಾರಿಗೆ, ಎಂಟನ್ನು ಕೊಡಬೇಡ ಎಂದವರಿಗೋ, ಅವಳಿಗೋ?

ಸರಕಾರಗಳು ಮಾಡಿದ್ದೇನು ಎಂದೂ ಕೇಳಲೇಬೇಕು. 2020ರ ಆಸುಪಾಸಿನಲ್ಲಿ ಸರಕಾರಿ ಪದವಿ ಕಾಲೇಜುಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ರಾರಾಜಿಸಿದವು. 2021ರಲ್ಲಿ ದೇಶದಲ್ಲೇ ಮೊದಲಿಗರೆಂಬ ಹೆಮ್ಮೆಯೊಂದಿಗೆ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ರಾಜ್ಯದಲ್ಲಿ ಜಾರಿಗೊಳಿಸಿದರು, ಪದವಿಗೆ ನಾಲ್ಕು ವರ್ಷ ಎಂದರು. ಸರಕಾರ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷ ಎಂದರು. ಈ ಏರಿಳಿತಗಳ ಸರಿತಪ್ಪುಗಳ ಚರ್ಚೆ ಬೇರೆಯೇ ಆಗಬೇಕು. ನಾವು ಹೇಳುವುದಿಷ್ಟೇ: ಒಂದು ಪಕ್ಷ ನೀತಿ ತಂದಿತು, ಇನ್ನೊಂದು ಪಕ್ಷ ನೀತಿ ತೆಗೆಯಿತು, ವಿಷಯ ಸಂಕೇತಗಳು ಬದಲಾದವು, ಕ್ರೆಡಿಟ್‌ಗಳು ಬದಲಾದವು, ಚೀಟಿ ಎತ್ತುವ ಪರೀಕ್ಷೆ ಮಾತ್ರ ಕದಲಲಿಲ್ಲ. ಆ ವಿಷಯದಲ್ಲಿ ಎಡ, ಬಲ, ನಡು ಎಂಬ ಭಿನ್ನಾಭಿಪ್ರಾಯವೇ ಇಲ್ಲ.

ಉಪನ್ಯಾಸಕರನ್ನು ಮಾತ್ರ ದೂಷಿಸಿ ಕೈತೊಳೆದುಕೊಳ್ಳುವುದೂ ಅನ್ಯಾಯ. ಸರಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವವರು ಬಹುಪಾಲು ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ದುಡಿದರೂ ಅತಿಥಿಗಳೇ! 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದುದನ್ನು ಓದುಗರು ಮರೆತಿರಲಾರರು. ಮುಂದಿನ ವರ್ಷ ಈ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ಹೊಸ ಲ್ಯಾಬ್ ಮ್ಯಾನ್ಯುಯಲ್ ಏಕೆ ಬರೆದಾರು? ಅವರಿಗೆ ಹಸ್ತಾಂತರವಾದ ಕಡತದಲ್ಲಿ ಇದ್ದದ್ದು ಟರ್ಬೋ ಸಿ. ಅದನ್ನೇ ಮುಂದಿನವರಿಗೆ ದಾಟಿಸುತ್ತಾರೆ.

ಇನ್ನು ಭಾಷೆಯ ಪ್ರಶ್ನೆ. 2021ರಲ್ಲಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಅನುಮತಿ ನೀಡಿತು. ಆದರೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಎಂದರೆ ಇಂಗ್ಲಿಷ್ ಪುಸ್ತಕವನ್ನು ಯಾರಿಗೂ ಅರ್ಥವಾಗದ ಸಂಸ್ಕೃತಕ್ಕೆ ಅನುವಾದಿಸುವುದೆಂದು ಭಾವಿಸಿದವರೇ ಹೆಚ್ಚು. ಅದಕ್ಕಿಂತ ಬೇರೊಂದು ದಾರಿಯಿದೆ. ಅದನ್ನು ಸ್ವಲ್ಪ ವಿವರಿಸಲು ಓದುಗರು ಅನುಮತಿಸಬೇಕು.

ಮೊದಲ ವರ್ಷದ ಪ್ರತಿಯೊಂದು ಲ್ಯಾಬಿನಲ್ಲೂ ಪ್ಯಾಲಿಂಡ್ರೋಮ್ ಎಂಬ ಪ್ರೋಗ್ರಾಂ ಇರುತ್ತದೆ. ಪದವು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿದೆಯೇ ಎಂದು ಪರೀಕ್ಷಿಸುವುದು. ಎಲ್ಲರೂ ಕೊಡುವ ಪದ ಇಂಗ್ಲಿಷಿನ 'ಮೇಡಂ'. ಕಂಪ್ಯೂಟರ್ ಹೌದು ಎನ್ನುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಅದಕ್ಕೆ ಬದಲಾಗಿ 'ಕನಕ' ಎಂದು ಕನ್ನಡದಲ್ಲಿ ಕೊಡಿ. ಇಂದಿನ ಕಂಪ್ಯೂಟರಿನಲ್ಲಿ ಓಡುವ ಅದೇ ಸಿ ಪ್ರೋಗ್ರಾಂ ಅಲ್ಲ ಎನ್ನುತ್ತದೆ! ಏಕೆಂದರೆ ಯುಟಿಎಫ್ 8 ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಪ್ರೋಗ್ರಾಂ ಅಕ್ಷರಗಳನ್ನು ತಿರುಗಿಸುತ್ತಿಲ್ಲ, ಬೈಟ್‌ಗಳನ್ನು ತಿರುಗಿಸುತ್ತಿದೆ. ನಮ್ಮ ಕಣ್ಣಿಗೆ ಮೂರಕ್ಷರವಾಗಿರುವ 'ಕನ್ನಡ' ಎಂಬ ಪದದ ಉದ್ದವನ್ನು ಕೇಳಿದರೆ ಸಿ ಭಾಷೆ 15 ಎನ್ನುತ್ತದೆ. ಪೈಥಾನ್ 5 ಎನ್ನುತ್ತದೆ. ಅದು ಕ, ನ, ವಿರಾಮ ಚಿಹ್ನೆ, ನ, ಡ ಎಂದು ಎಣಿಸುತ್ತದೆ. ಮೂರು ಎನ್ನುವವರು ಒಂದನೇ ತರಗತಿಯ ಮಗು ಮಾತ್ರ.

ಕನಕ ಎಂಬುದನ್ನು ಪೈಥಾನ್ ಸರಿಯಾಗಿ ಗುರುತಿಸುತ್ತದೆ, ನಿಜ. ಹಾಗಾದರೆ ತೆನಾಲಿ ರಾಮಕೃಷ್ಣನ ಬಿರುದಾದ 'ವಿಕಟಕವಿ'ಯನ್ನು ಕೊಡಿ. ಈ ಪದವನ್ನು ಹಿಂದುಮುಂದಾಗಿ ಓದಿ ನಗದ ಕನ್ನಡದ ಮಗುವಿಲ್ಲ. ಪೈಥಾನ್ ಸಹ ಅದನ್ನು ಅಲ್ಲ ಎನ್ನುತ್ತದೆ. 'ವಿ' ಎಂಬುದು ನಮಗೆ ಒಂದಕ್ಷರ. ಯಂತ್ರಕ್ಕೆ ವ ಎಂಬ ಒಂದು ಸಂಕೇತ, ಗುಡಿಸು ಎಂಬ ಇನ್ನೊಂದು ಸಂಕೇತ. ತಿರುಗಿಸಿದಾಗ ಗುಡಿಸು ಮೊದಲು ಬಂದು ವ ಆಮೇಲೆ ಬರುತ್ತದೆ. ಪದ ಮುರಿದುಬೀಳುತ್ತದೆ. ಇದನ್ನು ಸರಿಪಡಿಸುವ ಪ್ರೋಗ್ರಾಂ ಬರೆಯಬೇಕಾದರೆ ಅಕ್ಷರ ಎಂದರೇನು, ಕಾಗುಣಿತ ಎಂದರೇನು, ಒತ್ತಕ್ಷರ ಎಂದರೇನು ಎಂದು ವಿದ್ಯಾರ್ಥಿ ಯೋಚಿಸಬೇಕಾಗುತ್ತದೆ. ಆಗ ಕನ್ನಡ ಮಾಧ್ಯಮದಿಂದ ಬಂದವಳು ಹಿಂದಿನ ಬೆಂಚಿನವಳಲ್ಲ; ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆ ಸಮಸ್ಯೆ ಅವಳಿಗೆ ಅರ್ಥವಾಗುತ್ತದೆ. ಈ ಪ್ರೋಗ್ರಾಮಿನ ಉತ್ತರ ಗೈಡಿನಲ್ಲಿ ಇಲ್ಲ. ಇದಕ್ಕೂ ದುಡ್ಡು ಬೇಡ, ಸುತ್ತೋಲೆ ಬೇಡ, ಆಯೋಗ ಬೇಡ. ಒಬ್ಬ ಉಪನ್ಯಾಸಕರು ಒಂದು ಸೋಮವಾರ ಬೆಳಿಗ್ಗೆ ಇದನ್ನು ಆರಂಭಿಸಬಹುದು.

ನಮ್ಮವರ ವೇದಿಕೆಗಳ ಬಗ್ಗೆಯೂ ಹೇಳದಿದ್ದರೆ ಈ ಬರಹ ಏಕಪಕ್ಷೀಯವಾದೀತು. ಅಲ್ಗಾರಿದಂ ಎಂಬ ಪದ ಬಂದುದು ಒಂಬತ್ತನೇ ಶತಮಾನದ ಬಗ್ದಾದಿನಲ್ಲಿದ್ದ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಎಂಬುದನ್ನು ನಮ್ಮ ಶೈಕ್ಷಣಿಕ ಸಮ್ಮೇಳನಗಳಲ್ಲಿ ಕೇಳದವರಿಲ್ಲ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಆದರೆ ಅವರು ಮಾಡಿದ್ದೇನೆಂದು ಹೇಳುವವರು ಕಡಿಮೆ. ಅವರು ಭಾರತದ ಅಂಕಿಗಳನ್ನು, ದಶಮಾನ ಪದ್ಧತಿಯನ್ನು ಸಂಕೋಚವಿಲ್ಲದೆ ಕಲಿತು ಅದರ ಮೇಲೆ ಕೃತಿ ರಚಿಸಿದರು. ಬೀಜಗಣಿತದ ತನ್ನ ಗ್ರಂಥವನ್ನು ವಾರಸು ಹಂಚಿಕೆ, ವ್ಯಾಪಾರ, ಭೂಮಿ ಅಳತೆ ಮುಂತಾಗಿ ಜನರು ನಿತ್ಯ ಎದುರಿಸುವ ಲೆಕ್ಕಗಳಿಗಾಗಿ ಬರೆದರು. ಪ್ರತಿಯೊಂದು ಹೆಜ್ಜೆ ಏಕೆ ಸರಿ ಎಂಬುದನ್ನು ರೇಖಾಚಿತ್ರಗಳಿಂದ ತೋರಿಸಿಕೊಟ್ಟರು. ಏಕೆ ಎಂಬ ಪ್ರಶ್ನೆಗೆ ಉತ್ತರಿಸುವುದೇ ಅವರ ಹಾದಿಯಾಗಿತ್ತು. ಅವರ ಹೆಸರು ಹೇಳಿ ದೇಣಿಗೆ ಸಂಗ್ರಹಿಸಿ ಕಟ್ಟಿದ ಕಾಲೇಜುಗಳಲ್ಲಾದರೂ 'ಎಂಟನ್ನು ಕೊಡು, ಏನಾಗುತ್ತದೆ ನೋಡೋಣ' ಎನ್ನುವ ಒಂದು ಪ್ರಯೋಗಾಲಯ ಬೇಡವೇ? ಕಟ್ಟಡಕ್ಕೆ ಗ್ರಾನೈಟ್ ಹಾಸಲು ತೋರಿದ ಉತ್ಸಾಹದ ಹತ್ತನೇ ಒಂದು ಪಾಲನ್ನು ಆಡಳಿತ ಮಂಡಳಿಗಳು ಪಾಠದ ಮೇಲೆ ತೋರಿದ್ದರೆ ನಾವು ಇಷ್ಟು ಬರೆಯಬೇಕಾಗಿರಲಿಲ್ಲ.

ಈಗ ಹೊಸದೊಂದು ವಾದ ಹುಟ್ಟಿಕೊಂಡಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಯಂತ್ರವೇ ಪ್ರೋಗ್ರಾಂ ಬರೆಯುತ್ತದೆ, ಇನ್ನು ಮಕ್ಕಳು ಇದನ್ನು ಏಕೆ ಕಲಿಯಬೇಕು ಎಂಬ ವಾದ. ಇದನ್ನು ಹೇಳುವವರು ಒಂದು ಸಣ್ಣ ಪ್ರಯೋಗ ಮಾಡಲಿ. ಇಂದಿನ ಕಂಪೈಲರಿನಲ್ಲಿ ಪೂರ್ಣಾಂಕಕ್ಕೆ ಸಾಮಾನ್ಯವಾಗಿ 32 ಬಿಟ್ ಇರುತ್ತದೆ. ಅಲ್ಲಿ ಎಂಟರ ಫ್ಯಾಕ್ಟೋರಿಯಲ್ ಸರಿಯಾಗಿಯೇ ಬರುತ್ತದೆ. ಹನ್ನೆರಡರದ್ದೂ ಸರಿ: 47,90,01,600. ಹದಿಮೂರನ್ನು ಕೊಟ್ಟರೆ ಸಾಮಾನ್ಯವಾಗಿ 193,20,53,504 ಎಂದು ಬರುತ್ತದೆ. ಋಣ ಚಿಹ್ನೆ ಇಲ್ಲ, ಎಚ್ಚರಿಕೆಯ ಸಂದೇಶವಿಲ್ಲ, ನೋಡಲು ಗೌರವಾನ್ವಿತ ಸಂಖ್ಯೆ. ಆದರೆ ಅದು ತಪ್ಪು. ನಿಜವಾದ ಉತ್ತರ 622,70,20,800. ಹಳೆಯ ಯಂತ್ರ ಋಣ ಚಿಹ್ನೆ ಹಾಕಿ ತನ್ನ ಸುಳ್ಳನ್ನು ತಾನೇ ಬಯಲು ಮಾಡಿತು; ಹೊಸ ಯಂತ್ರ ನಗುಮುಖದಿಂದ ಸುಳ್ಳು ಹೇಳುತ್ತದೆ. ಪ್ರೋಗ್ರಾಮನ್ನು ಮನುಷ್ಯ ಬರೆದಿರಲಿ, ಯಂತ್ರ ಬರೆದಿರಲಿ, ಈ ಸುಳ್ಳನ್ನು ಹಿಡಿಯುವವರು ಬೇಕು. ಹದಿಮೂರನ್ನು ಹದಿನಾಲ್ಕರಿಂದ, ಹದಿನೈದರಿಂದ ಪರೀಕ್ಷಿಸುವ ಅನುಮಾನ ಬೇಕು. ಬಾಯಿಪಾಠ ಮಾಡಿ ಬರೆಯುವ ಕೆಲಸಕ್ಕೆ ಈಗ ಮನುಷ್ಯರ ಅಗತ್ಯವಿಲ್ಲ ಎಂಬುದು ಸತ್ಯ. ಆದರೆ ನಾವು ಸೆಮಿಸ್ಟರುಗಟ್ಟಲೆ ತರಬೇತಿ ಕೊಡುತ್ತಿರುವುದು ನಿಖರವಾಗಿ ಆ ಕೆಲಸಕ್ಕೇ ಅಲ್ಲವೇ?

ವಿಶ್ವವಿದ್ಯಾಲಯಗಳ ಪಠ್ಯಕ್ರಮ ಮಂಡಳಿಗಳಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊದಲೇ ಗೊತ್ತಿರುವ ಪಟ್ಟಿಯನ್ನು ರದ್ದುಗೊಳಿಸಿ. ತಪ್ಪಿರುವ ಪ್ರೋಗ್ರಾಮೊಂದನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು ತಪ್ಪನ್ನು ಹುಡುಕಲು, ಅದನ್ನು ಹೇಗೆ ಹುಡುಕಿದೆನೆಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಹೇಳಿ. ರೆಕಾರ್ಡ್ ಪುಸ್ತಕದಲ್ಲಿ ಸರಿಯಾದ ಔಟ್‌ಪುಟ್‌ಗೆ ಬದಲಾಗಿ ಆ ವಾರ ಎದುರಾದ ತಪ್ಪುಗಳನ್ನು ದಾಖಲಿಸಲಿ. ಉತ್ತರವಿಲ್ಲದ ಪ್ರಶ್ನೆಗಳನ್ನು ಪ್ರಶ್ನೆ ಪತ್ರಿಕೆಯಿಂದ ತೆಗೆಯಿರಿ, ಇಲ್ಲವೇ ಉತ್ತರವಿಲ್ಲ ಎಂದವನಿಗೆ ಪೂರ್ಣಾಂಕ ಕೊಡಿ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳು ಉಚಿತವಾಗಿವೆ. ಲ್ಯಾಬಿನ ಬಾಗಿಲನ್ನು ಸಂಜೆ ಎರಡು ತಾಸು ಹೆಚ್ಚು ತೆರೆದಿಟ್ಟರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳು ಅಲ್ಲಿ ಕುಳಿತು ಅವನ್ನು ನೋಡಿಯಾರು, ಕೀಲಿಮಣೆ ಮುಟ್ಟಿಯಾರು.

ಹೆತ್ತವರೊಂದಿಗೂ ಒಂದು ಮಾತು. ಬಿಸಿಎ ಸೇರಿಸಲು ಮಗಳನ್ನು ಕರೆದುಕೊಂಡು ಹೋದಾಗ ಶುಲ್ಕ ಎಷ್ಟು, ಬಸ್ ಇದೆಯೇ ಎಂದು ಕೇಳುತ್ತೀರಿ, ಕೇಳಬೇಕಾದದ್ದೇ. ಜೊತೆಗೆ ಕಂಪ್ಯೂಟರ್ ಪ್ರಯೋಗಾಲಯವನ್ನೂ ಒಮ್ಮೆ ತೋರಿಸಿ ಎಂದು ಕೇಳಿರಿ. ನಿಮಗೆ ಕಂಪ್ಯೂಟರ್ ತಿಳಿದಿರಬೇಕಾಗಿಲ್ಲ. ಪರದೆ ಗಾಢ ನೀಲಿಯಾಗಿದ್ದು ಅದರ ಮೇಲೆ ಹಳದಿ ಅಕ್ಷರಗಳು ಕಂಡರೆ, ಇದು ಯಾವ ಇಸವಿಯದ್ದು ಎಂದು ಪ್ರಾಂಶುಪಾಲರನ್ನು ಕೇಳಿ, ಉತ್ತರ ಬರುವವರೆಗೆ ಅಲ್ಲಿಯೇ ಕುಳಿತಿರಿ.